ಎಣ್ಣೆ ಬಳಸಿದ್ದಾರೆಯೇ: ಹೌದು

ಗ್ರಾಫ್ ನೋಡಿದ ಕೂಡಲೇ ನನಗೆ ತಲೆ ಚಿಟ್ಟು ಹಿಡಿಯಿತು. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ತಾಲ್ಲೂಕಿನ ನಲವತ್ತೆರಡು ಹಳ್ಳಿಗಳು ಗೋಡೆಯ ಮೇಲೆ ನಲವತ್ತೆರಡು ಚುಕ್ಕೆಗಳಾಗಿದ್ದವು. ಬಲಕ್ಕೆ ಹೋದಷ್ಟೂ ನಾವು ಹಂಚಿದ ಎಣ್ಣೆ ಬಾಟಲಿ ಜಾಸ್ತಿ, ಮೇಲಕ್ಕೆ ಹೋದಷ್ಟೂ ಮಂಗನ ಕಾಯಿಲೆ ಜಾಸ್ತಿ. ಚುಕ್ಕೆಗಳೆಲ್ಲ ಶಾಲಾ ಮಕ್ಕಳ ಹಾಗೆ ಸಾಲಾಗಿ ಗುಡ್ಡ ಹತ್ತುತ್ತಿದ್ದವು.

"ಎಣ್ಣೆ ಜಾಸ್ತಿ ಕೊಟ್ಟಲ್ಲೇ ಜ್ವರ ಜಾಸ್ತಿ. ಸಹಸಂಬಂಧ ಪಾಯಿಂಟ್ ಎಂಟು ಒಂದು," ಎಂದರು ಕಾಂತರಾಜ್ ಸರ್. ನಮ್ಮ ಜ್ವರ ನಿಗಾ ಯೋಜನೆಗೆ ಎರಡು ತಿಂಗಳ ಹಿಂದೆ ಮುಖ್ಯಸ್ಥರಾಗಿ ಬಂದವರು. "ಅಂದ್ರೆ ಈ ಎಣ್ಣೆ ದಂಡ. ನಿಲ್ಲಿಸೋಕೆ ಶುಕ್ರವಾರ ಪತ್ರ ಹಾಕ್ತೀನಿ."

ಅದು ಜನವರಿ. ಕೊಟ್ಟಿಗೆಗೆ ಹಾಸುವ ದರಗು ಗುಡಿಸಲು ಜನ ಕಾಡಿಗೆ ಹೋಗುವ ಕಾಲ. ಆ ಒಣಗಿದ ಎಲೆಗಳಲ್ಲೇ ರಕ್ತ ಹೀರುವ ಉಣುಗು ಇರುತ್ತದೆ, ಅದು ಕಚ್ಚಿದರೇ ಈ ಜ್ವರ. ಕಚ್ಚದಿರಲಿ ಎಂದು ಮೈಗೆ ಹಚ್ಚಿಕೊಳ್ಳುವ ಎಣ್ಣೆ ಅದು. ಈಗ ನಿಲ್ಲಿಸಿದರೆ ಈ ವರ್ಷ ಬರಿಮೈಯಲ್ಲಿ ಹೋಗುವವರ ಗತಿ ಏನು?

"ಸರ್, ಮಂಗ ಸತ್ತ ಊರಿಗೇ ನಾವು ಎಣ್ಣೆ ಕಳಿಸೋದು," ಎಂದೆ. ಯೋಜನೆಯ ಅಂಕಿಅಂಶ ನೋಡುವವಳು ನಾನೇ. ಬಾಟಲಿ ಎಲ್ಲಿಗೆ, ಯಾಕೆ ಹೋಯಿತು ಎನ್ನುವುದು ನನಗೆ ಬಾಯಿಪಾಠ. "ಮಂಗ ಸತ್ತಲ್ಲಿ ಜ್ವರ ಬರೋದು ಇದ್ದೇ ಇದೆ. ಲೈನ್‌ಮ್ಯಾನ್ ಬಂದ ಊರಲ್ಲೆಲ್ಲ ಕರೆಂಟ್ ಇರಲ್ಲ. ಅವನನ್ನ ಬರಬೇಡ ಅಂದ್ರೆ ಕರೆಂಟ್ ಬರುತ್ತಾ?"

ಸಭೆಯಲ್ಲಿದ್ದ ಇಬ್ಬರು ನಕ್ಕರು. ಸರ್ ನಗಲಿಲ್ಲ.

"ತನುಜಾ ಮೇಡಂ, ಲೈನ್‌ಮ್ಯಾನ್ ಕತೆ ಬೇಡ. ಗುರುವಾರದೊಳಗೆ ಅಂಕಿ ತೋರಿಸಿ."

ತೋರಿಸೋಣ, ಅದಕ್ಕೇನಂತೆ. ಹಳ್ಳಿಗೆ ಹಳ್ಳಿ ಹೋಲಿಸುವುದೇ ತಪ್ಪು. ಒಂದೇ ಊರಲ್ಲಿ, ಒಂದೇ ಕಾಡಿಗೆ ಹೋಗುವವರಲ್ಲಿ, ಹಚ್ಚಿದವರನ್ನೂ ಹಚ್ಚದವರನ್ನೂ ಹೋಲಿಸಬೇಕು. ಕೋಣಂದೂರಿನ ಆಚೆಯ ಒಂದು ಊರನ್ನು ಆರಿಸಿಕೊಂಡು ಮೂರು ವರ್ಷದ ನಮೂನೆಗಳನ್ನೆಲ್ಲ ತೆಗೆದೆ. ಎಲ್ಲ ನಾನೇ ಮನೆಮನೆಗೆ ಹೋಗಿ ತುಂಬಿಸಿದವು. ಕಾಡಿಗೆ ಹೋಗುವವರು ಅರವತ್ತು ಜನ. ಎಣ್ಣೆ ಬಳಸಿದವರು ಮೂವತ್ತೊಂದು, ಜ್ವರ ಬಂದದ್ದು ಆರು. ಬಳಸದವರು ಇಪ್ಪತ್ತೊಂಬತ್ತು, ಅವರಲ್ಲೂ ಆರು.

ಮತ್ತೆ ಕೂಡಿಸಿದೆ. ಆರಕ್ಕೆ ಆರೇ. ಸಭೆಯಲ್ಲಿ ಅಷ್ಟು ಜಂಬ ಮಾಡಿದ ನನಗೆ ಅಳು ಬರುವುದೊಂದು ಬಾಕಿ. ತಪ್ಪು ಲೆಕ್ಕ ಹಾಕಿದ ಆ ಮನುಷ್ಯ ಸರಿಯಾದ ಉತ್ತರಕ್ಕೆ ಬಂದಿದ್ದಾರೆ ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಬುಧವಾರ ಆ ಊರಿಗೇ ಹೋದೆ. ಮೊದಲ ಮನೆ ರಂಗಮ್ಮನದು. ಹೋದ ಫೆಬ್ರವರಿಯಲ್ಲಿ ಇದೇ ಜ್ವರಕ್ಕೆ ಗಂಡ ಸುಬ್ಬಪ್ಪನನ್ನು ಕಳೆದುಕೊಂಡವಳು. ಸುಬ್ಬಪ್ಪನ ನಮೂನೆಯಲ್ಲೂ 'ಎಣ್ಣೆ ಬಳಸಿದ್ದಾರೆಯೇ' ಎನ್ನುವ ಕಡೆ ನನ್ನದೇ ಅಕ್ಷರದಲ್ಲಿ 'ಹೌದು' ಎಂದಿತ್ತು.

"ಎಣ್ಣೆ ಹೆಂಗೆ ಹಚ್ತೀರಿ ಅಮ್ಮ? ಸ್ವಲ್ಪ ಹೇಳಿ."

"ಹೆಂಗೆ ಅಂದ್ರೆ ಎಂತದು ಮಾರಾಯ್ತಿ? ಬೆಳಿಗ್ಗೆ ಕೈಕಾಲಿಗೆಲ್ಲ ತಿಕ್ಕೋದು, ಒಂಚೂರು ಬಿಟ್ಟು ಹಂಡೆ ಬಿಸಿನೀರಲ್ಲಿ ಸೀಗೆಪುಡಿ ಹಾಕಿ ಮೀಯೋದು, ಕಾಡಿಗೆ ಹೋಗೋದು."

ನಾನು 'ಮೀಯೋದು' ಎಂದು ಬರೆದು ಅದರ ಕೆಳಗೆ ಗೆರೆ ಎಳೆದೆ.

"ಮಿಂದ ಮೇಲೆ ಎಣ್ಣೆ ಎಲ್ಲಿ ಉಳೀತದೆ ಅಮ್ಮ?"

"ಮತ್ತೆ ಎಣ್ಣೆ ಮೈಯಲ್ಲಿ ಹೊಸಿಲು ದಾಟಕ್ಕೆ ಆಗ್ತದಾ? ಅಪಶಕುನ ಅಲ್ವಾ," ಎಂದಳು ರಂಗಮ್ಮ, ಇಷ್ಟೂ ಗೊತ್ತಿಲ್ಲವಾ ಎನ್ನುವ ಹಾಗೆ. ಆಮೇಲೆ, "ಮೂರು ವರ್ಷದಿಂದ ಬರ್ತೀಯ. ಹಚ್ಚಿದ್ರಾ ಅಂತ ಕೇಳ್ತಿದ್ದೆ, ಹಚ್ಚಿದ್ವಿ ಅಂತಿದ್ವಿ. ಮಿಂದ್ರಾ ಅಂತ ನೀನು ಕೇಳ್ಲೇ ಇಲ್ಲ," ಎಂದಳು.

ಅವಳ ಮೇಲೆ ರೇಗಲು ಬಾಯಿ ಬರಲಿಲ್ಲ. ನನ್ನ ಅಜ್ಜಿಯೂ ಎಣ್ಣೆ ತಲೆಯಲ್ಲಿ ನಮ್ಮನ್ನು ಅಂಗಳಕ್ಕೆ ಬಿಟ್ಟವಳಲ್ಲ. ಈ ಸೀಮೆಯಲ್ಲೇ ಹುಟ್ಟಿ, ಎಣ್ಣೆ ಎಂದರೆ ಸ್ನಾನ ಎಂದು ಗೊತ್ತಿದ್ದೂ ಮೂರು ವರ್ಷ 'ಹೌದು' 'ಹೌದು' ಎಂದು ಗೀಚಿಕೊಂಡು ಹೋದ ನನಗೆ ಏನೆನ್ನಬೇಕು?

ಆ ದಿನವೆಲ್ಲ ಮನೆಮನೆ ತಿರುಗಿದೆ. ಬಳಸಿದ ಮೂವತ್ತೊಂದರಲ್ಲಿ ಇಪ್ಪತ್ತೆರಡು ಜನ ತೊಳೆದುಕೊಂಡೇ ಹೋದವರು. ಜ್ವರ ಬಂದ ಆರೂ ಜನ ಅವರಲ್ಲೇ. ಎಣ್ಣೆ ಮೈಮೇಲಿದ್ದು ಕಾಡಿಗೆ ಹೋದವರು ಒಂಬತ್ತೇ, ಅವರಲ್ಲಿ ಒಬ್ಬರಿಗೂ ಇಲ್ಲ.

ಗುರುವಾರ ಕಾಂತರಾಜ್ ಸರ್ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಹಾಗಾದ್ರೆ ಎಣ್ಣೆ ಕೆಲಸ ಮಾಡುತ್ತೆ ಅಂತ ಬರ್ದು ಕೊಡ್ತೀರಾ?"

"ಇಲ್ಲ ಸರ್. ಒಂಬತ್ತು ಜನ ಏನೇನೂ ಸಾಲಲ್ಲ. ಇಷ್ಟು ಚಿಕ್ಕ ಸಂಖ್ಯೆಗೆ ಹೊಂದುವ ಪರೀಕ್ಷೆ ಹಾಕಿ ನೋಡಿದೆ. ಎಣ್ಣೆ ದಂಡವೇ ಆಗಿದ್ರೂ ಬರೀ ಅದೃಷ್ಟದಿಂದಲೇ ನೂರರಲ್ಲಿ ಹನ್ನೊಂದು ಸಲ ಹೀಗೆ ಬರಬಹುದು."

"ಮತ್ತೆ ನಿಮ್ಮದು ಎಂಥ ವಾದ ಮೇಡಂ?"

"ಕೆಲಸ ಮಾಡಲ್ಲ ಅಂತ ನಿಮ್ಮ ಗ್ರಾಫೂ ಹೇಳಲ್ಲ ಅಂತ. ಮೈಮೇಲೆ ಇರದ ಎಣ್ಣೆಯನ್ನ ನಾವಿಬ್ರೂ ಅಳೀತಿದ್ವಿ ಅಂತ."

ಅವರು ಲೊಚಗುಟ್ಟಿದರು. ಹೌದೋ ಇಲ್ಲವೋ ಒಂದು ಮಾತಲ್ಲಿ ಹೇಳದ ಹೆಂಗಸು ಎಂದು ಗೊಣಗಿದರು. ಆದರೂ ಈ ಒಂದು ಹಂಗಾಮಿಗೆ ಎಣ್ಣೆ ಇರಲಿ ಎಂದು ಪತ್ರವನ್ನು ತಡೆದರು.

ಸೋಮವಾರ ಹೊಸ ಬಾಟಲಿ ಕೊಡಲು ರಂಗಮ್ಮನ ಮನೆಗೆ ಹೋದೆ. ಮೊದಲು ಸ್ನಾನ, ಆಮೇಲೆ ಎಣ್ಣೆ, ಹಾಗೇ ಕಾಡಿಗೆ, ಬಂದ ಮೇಲೆ ಬೇಕಾದಷ್ಟು ಮೀಯಿರಿ ಎಂದು ಎರಡೆರಡು ಸಲ ಹೇಳಿದೆ. ರಂಗಮ್ಮ ಕೇಳಿಸಿಕೊಂಡಳು. ಬಾಟಲಿ ಮಾತ್ರ ತೆಗೆದುಕೊಳ್ಳಲಿಲ್ಲ.

"ನಮ್ಮನೆಯವ್ರಿಗೆ ನಾನೇ ಬೆನ್ನು ತಿಕ್ಕಿ, ನಾನೇ ನೀರು ಹೊಯ್ದು ಕಳಿಸ್ತಿದ್ದೆ," ಎಂದಳು. "ತೊಳೀದೆ ಕಳಿಸಿದ್ರೆ ಉಳೀತಿದ್ರಾ?"

ಗೊತ್ತಿಲ್ಲ ಎನ್ನುವುದೇ ಸರಿಯಾದ ಉತ್ತರ. ಅರವತ್ತು ಜನರ ಬಗ್ಗೆ ಏನಾದರೂ ಹೇಳಬಹುದು, ಒಬ್ಬ ಸುಬ್ಬಪ್ಪನ ಬಗ್ಗೆ ಯಾವ ಪರೀಕ್ಷೆಯೂ ಏನೂ ಹೇಳುವುದಿಲ್ಲ. ರಂಗಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ ಅಮ್ಮ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ," ಎಂದೆ. ಕೈಯಲ್ಲಿ ಒಂದೇ ಒಂದು ಅಂಕಿ ಇಲ್ಲದೆ, ಕಾಂತರಾಜ್ ಸರ್‌ಗಿಂತ ಗಟ್ಟಿಯಾಗಿ.