ಬಡಗಣ ಗೋಡೆಯ ಕೋವಿ

ಕೊಯಿವು ಊರಿನ ಹಾರ್ಡ್‌ವೇರ್ ಅಂಗಡಿಗೆ ಯಜಮಾನ ಮರ್ಲ್ ಟ್ರುಡೆಲ್ ಆದರೂ ಜನ ಬರುತ್ತಿದ್ದದ್ದು ಐಲಿ ಪೆಲ್ಕೊನೆನ್‌ಳ ಬಾಯಿಮಾತಿಗೆ. ಇಪ್ಪತ್ತಾರು ವರ್ಷದಿಂದ ಅವಳು ಅದೇ ಗಲ್ಲಾದ ಹಿಂದೆ ನಿಂತವಳು. ಮಿಷಿಗನ್ನಿನ ಆ ಬಡಗಣ ತುದಿಯಲ್ಲಿ ನವೆಂಬರ್ ಬಂತೆಂದರೆ ಮನುಷ್ಯರಿಗೆ ಎರಡೇ ಚಿಂತೆ: ಜಿಂಕೆ ಬೇಟೆಗೆ ಕೋವಿ ಸರಿಯಿದೆಯೇ, ಹಿಮ ಬೀಳುವ ಮೊದಲು ಮನೆ ಭದ್ರವಾಯಿತೇ. ಎರಡಕ್ಕೂ ಐಲಿಯ ಹತ್ತಿರ ಮದ್ದಿತ್ತು.

"ಐಲಿ, ಕೋವಿಗೆ ಎಷ್ಟು ಎಣ್ಣೆ ಹಾಕ್ಲಿ?"

"ಕಾವಲಿಗೆ ಸವರೋ ಅಷ್ಟು. ಮೀನು ಕರಿಯೋ ಅಷ್ಟಲ್ಲ. ಹೋದ ವರ್ಷ ನಿನ್ನ ಕೋವಿ ಹಿಡಿದಾಗ ನನ್ನ ಕೈ ನೆಕ್ಕೋಕೆ ಬೆಕ್ಕು ಬಂದಿತ್ತು."

"ಗೋಡೆಯಿಂದ ಗಾಳಿ ನುಗ್ತಿದೆ ಕಣೇ, ಎಲ್ಲಿಂದ ಅಂತ ಗೊತ್ತಾಗ್ತಿಲ್ಲ."

"ಮೇಣದಬತ್ತಿ ಹಿಡ್ಕೊಂಡು ಗೋಡೆಯುದ್ದಕ್ಕೂ ನಡಿ. ಬೆಂಕಿ ಎಲ್ಲಿ ತಲೆ ಬಾಗಿಸುತ್ತೋ ಅಲ್ಲಿ ಸಂದಿ ಇದೆ. ಪರದೆ ಹತ್ರ ಮಾತ್ರ ಹುಷಾರು."

ಯಾರಿಗೆ ಏನು ಹೇಳಿದರೂ ಕೊನೆಗೆ ಒಂದು ಮಾತು ಸೇರಿಸುತ್ತಿದ್ದಳು. "ಕೋವಿ ಮುಟ್ಟಿದ ಕೂಡ್ಲೆ ಮೊದಲು ತೋಟಾ ಕೂರೋ ಕಡೆ ಇರೋ ಅಗುಳಿ ತೆರೆದು ಒಳಗೆ ನೋಡು. ಖಾಲಿ ಅಂತ ಯಾರು ಹೇಳಿದ್ರೂ ನಂಬಬೇಡ. ನಾನು ಹೇಳಿದ್ರೂ." ಆಗ ಎದುರಿಗಿದ್ದವರು ಒಂದು ಗಳಿಗೆ ಕಣ್ಣು ತಗ್ಗಿಸುತ್ತಿದ್ದರು. ಯಾಕೆಂದು ಅವಳಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅವಳ ಅಪ್ಪ ರೇನೋ ಪೆಲ್ಕೊನೆನ್, ಅವಳಿಗೆ ಆರು ವರ್ಷವಿದ್ದಾಗ, ಅಡುಗೆಮನೆಯ ಮೇಜಿನ ಮುಂದೆ ಕೂತು ಕೋವಿ ಒರೆಸುತ್ತಾ ಗುಂಡು ಹಾರಿ ಸತ್ತಿದ್ದ. ಒಳಗೆ ತೋಟಾ ಇದ್ದದ್ದನ್ನು ನೋಡಿಕೊಂಡಿರಲಿಲ್ಲ ಎಂದು ಊರು ಹೇಳಿತು. ಆ ಸಾವು ಆ ಸೀಮೆಯಲ್ಲಿ ಗಾದೆಯಾಗಿಹೋಯಿತು. ಯಾರಾದರೂ ಅಜಾಗ್ರತೆಯಿಂದ ಕೆಲಸ ಮಾಡಿದರೆ "ರೇನೋ ಕೋವಿ ಒರೆಸಿದ ಹಾಗೆ" ಎನ್ನುತ್ತಿದ್ದರು. ಮರ್ಲ್ ಪ್ರತಿ ವರ್ಷ ಊರ ಸಭಾಭವನದಲ್ಲಿ ಹೊಸ ಬೇಟೆಗಾರರಿಗೆ ಪಾಠ ಹೇಳುತ್ತಿದ್ದ. ಮೊದಲ ಪಾಠವೇ ರೇನೋನ ಸಾವು. ಐಲಿ ಕೇಳುವಷ್ಟು ಹತ್ತಿರದಲ್ಲಿದ್ದರೆ ಮಾತ್ರ ಹೆಸರು ನುಂಗಿ "ನಮ್ಮೂರಲ್ಲೇ ಒಬ್ಬರು" ಎನ್ನುತ್ತಿದ್ದ.

ಐಲಿಯ ತಾಯಿಯೊಬ್ಬಳು ಸಾಯುವ ತನಕ ಒಪ್ಪಲಿಲ್ಲ. "ಒಲೆಗೆ ಸೌದೆ ಹಾಕೋ ಮೊದಲು ಒಳಗೆ ಬೆಕ್ಕು ಮಲಗಿದ್ಯಾ ಅಂತ ನೋಡೋ ಮನುಷ್ಯ ಅವನು" ಎನ್ನುತ್ತಿದ್ದಳು. ಆದರೆ ಕಂಡವನು ಒಬ್ಬನೇ, ರೇನೋನ ಅಣ್ಣ ಉರ್ಹೊ. ಅವನೇ ಶೆರಿಫನಿಗೆ ಎಲ್ಲ ಹೇಳಿದ್ದ. ಸಂಕಟ ತಡೆಯಲಾರದೆ ಆ ಹಾಳು ಕೋವಿಯನ್ನು ನೀರು ತುಂಬಿದ ಹಳೇ ತಾಮ್ರದ ಗಣಿಯ ಬಾವಿಗೆ ಎಸೆದುಬಿಟ್ಟೆ ಎಂದೂ ಹೇಳಿದ್ದ. ಅಣ್ಣನ ದುಃಖದ ಮುಂದೆ ಯಾರು ಏನು ಕೇಳಿಯಾರು? ಆಮೇಲೆ ತಾಯಿ ಮಗಳು ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದರು. ಉರ್ಹೊ ಮದುವೆಯಾಗಲಿಲ್ಲ. ಎಲ್ಲರೂ ಕೂಡಿದ್ದ ಆ ಹಳೇ ಮನೆಯಲ್ಲಿ ಒಬ್ಬನೇ ಉಳಿದ. ಪ್ರತಿ ಚಳಿಗಾಲಕ್ಕೂ ಅವರಿಬ್ಬರಿಗೆ ಸೌದೆ ಒಡೆದು ತಂದು ಅಟ್ಟಿ ಕಟ್ಟಿ ಹೋಗುತ್ತಿದ್ದ. ಕಾಫಿಗೆ ಕರೆದರೂ ಒಳಗೆ ಬರುತ್ತಿರಲಿಲ್ಲ.

ಈಗ ಅವನಿಗೆ ಎಂಬತ್ತೊಂದು. ಕಾಲು ಸೋತು ವೃದ್ಧಾಶ್ರಮ ಸೇರಿ ಎರಡು ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ಮನೆಯನ್ನು ಐಲಿಯ ಹೆಸರಿಗೆ ಬರೆದುಕೊಟ್ಟ.

"ಏನು ಬೇಕಾದ್ರೂ ರಿಪೇರಿ ಮಾಡ್ಕೊ ಮಗು. ಹಿಂದಿನ ಕೋಣೆ ಬಡಗಣ ಗೋಡೆ ಮಾತ್ರ ಮುಟ್ಟಬೇಡ. ಅದು ಗಟ್ಟಿ ಇದೆ."

"ಆಯ್ತು ದೊಡ್ಡಪ್ಪ" ಎಂದಿದ್ದಳು. ಮುದುಕರ ಹಟ ಅಂದುಕೊಂಡಿದ್ದಳು.

ಅಕ್ಟೋಬರಿನಿಂದ ಅವಳು ರಜೆಯ ದಿನಗಳಲ್ಲೆಲ್ಲ ಆ ಮನೆಗೆ ಹೋಗಿ ದುಡಿದಳು. ಸೂರಿನ ಸಂದಿಗಳಿಗೆ ಇಲಿ ಬಾರದಂತೆ ಉಕ್ಕಿನ ನಾರು ತುರುಕಿದಳು. ಕಿಟಕಿ ಚೌಕಟ್ಟುಗಳಿಗೆ ಗಾಳಿ ತಡೆಯುವ ಮೆತ್ತನೆ ಪಟ್ಟಿ ಹಚ್ಚಿದಳು. ಅಡುಗೆಮನೆಗೆ ಅವಳು ಬೇಗ ಬೇಗ ಹೊಕ್ಕು ಬೇಗ ಬೇಗ ಹೊರಡುತ್ತಿದ್ದಳು. ಅಪ್ಪ ಎಂದರೆ ಅವಳಿಗೆ ನೆನಪಿದ್ದದ್ದು ಮುಖವಲ್ಲ, ಒಂದು ವಾಸನೆ. ಕೋವಿ ಎಣ್ಣೆಯ ಸಿಹಿಗಟು ವಾಸನೆ. ಅಪ್ಪ ಎತ್ತಿಕೊಂಡಾಗ ಅವನ ಅಂಗಿಯ ತೋಳಿನಿಂದ ಬರುತ್ತಿದ್ದದ್ದು.

ಹಿಂದಿನ ಕೋಣೆಯ ಒಲೆ ಹಚ್ಚಿದ ದಿನ ಆ ವಾಸನೆ ಬಂತು.

ಮೊದಲು ತನ್ನ ಕೈಯನ್ನೇ ಮೂಸಿ ನೋಡಿಕೊಂಡಳು. ಅಂಗಡಿಯದಿರಬಹುದು. ಅಲ್ಲ. ಕೋಣೆ ಬೆಚ್ಚಗಾದಂತೆ ವಾಸನೆ ದಟ್ಟವಾಯಿತು. ಹೊರಗೆ ದೊಡ್ಡ ಸರೋವರದ ಕಡೆಯಿಂದ ಗಾಳಿ ಎದ್ದಾಗ ಗೋಡೆಯೊಳಗಿಂದ ಸಣ್ಣ ಸದ್ದು ಕೇಳಿಸಿತು. ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಮಧ್ಯಾಹ್ನ ಮೂರು ಗಂಟೆ, ಕಿಟಕಿಯಲ್ಲಿ ಬೆಳಕಿತ್ತು. ಆದರೂ ಐವತ್ತರ ಹೊಸ್ತಿಲಿನ ಆ ಹೆಂಗಸು ಸುತ್ತಿಗೆ ಹಿಡಿದುಕೊಂಡೇ "ಅಪ್ಪಾ?" ಎಂದಳು. ಹೇಳಿದ್ದು ತನ್ನ ಕಿವಿಗೇ ಬಿತ್ತು. ಕೋಟು ಎತ್ತಿಕೊಂಡು ಒಲೆಯನ್ನೂ ಆರಿಸದೆ ಹೊರಟುಬಿಟ್ಟಳು. ಅರ್ಧ ದಾರಿಗೆ ಒಲೆಯ ನೆನಪಾಗಿ ತಿರುಗಿ ಬಂದಾಗಲೂ ಅದು ಅಲ್ಲೇ ಇತ್ತು: ವಾಸನೆ, ಆ ಟಕ್.

ಮರುದಿನ ಅಂಗಡಿಯಲ್ಲಿ ಮರ್ಲ್ ಅವಳ ಮುಖ ನೋಡಿ, "ಏನೇ, ದೆವ್ವ ಕಂಡವಳ ಹಾಗಿದ್ದೀಯ?" ಎಂದ.

"ಮನೇಲಿ ಗೋಡೆ ಸದ್ದು ಮಾಡುತ್ತೆ."

"ಬೇರೆಯವರಿಗೆ ಮೂರು ಹೊತ್ತು ಬುದ್ಧಿ ಹೇಳ್ತೀಯಲ್ಲ, ನಿನಗೆ ನೀನೇ ಹೇಳ್ಕೊ. ಸದ್ದು ಮಾಡೋ ಗೋಡೆಗೆ ಏನು ಮಾಡ್ಬೇಕು?"

"ಬಿಚ್ಚಿ ನೋಡ್ಬೇಕು" ಎಂದಳು ಐಲಿ.

ಭಾನುವಾರ ಬೆಳಿಗ್ಗೆ ಹೋದಳು. ಬಡಗಣ ಗೋಡೆಗೆ ಉದ್ದುದ್ದ ಹಲಗೆ ಹೊಡೆದು ಹಸಿರು ಬಣ್ಣ ಬಳಿದಿತ್ತು. ಬೆರಳಾಡಿಸುತ್ತ ಹೋದಂತೆ ಒಂದು ಹಲಗೆಯ ಅಂಚಿನಲ್ಲಿ ಬಣ್ಣ ಸವೆದಿರುವುದು ಸಿಕ್ಕಿತು, ಬಾಗಿಲ ಹಿಡಿಯ ಸುತ್ತ ಸವೆಯುತ್ತದಲ್ಲ ಹಾಗೆ. ಅದಕ್ಕೆ ಮೊಳೆಯಿರಲಿಲ್ಲ, ತಿರುಪು ಇತ್ತು. ತಿರುಪು ಸಲೀಸಾಗಿ ಬಿಚ್ಚಿಕೊಂಡಿತು. ಹಲಗೆ ಕೈಗೆ ಬಂತು.

ಒಳಗೆ ಎರಡು ಕಂಬಗಳ ನಡುವೆ ತಂತಿಯ ಕೊಕ್ಕೆಗೆ ಒಂದು ಕೋವಿ ತೂಗುತ್ತಿತ್ತು. ಸಂದಿಯಿಂದ ಗಾಳಿ ನುಗ್ಗಿದಾಗಲೆಲ್ಲ ಅದರ ಬುಡ ಕಂಬಕ್ಕೆ ತಾಗಿ ಟಕ್ ಎನ್ನುತ್ತಿತ್ತು. ಮರದ ಹಿಡಿಯ ಮೇಲೆ ಅಜ್ಜ ಚಾಕುವಿನಿಂದ ಕೆತ್ತಿದ ತನ್ನ ಹೆಸರಿನ ಎರಡು ಮೊದಲಕ್ಷರ. ಗಣಿಯ ಬಾವಿಯ ತಳದಲ್ಲಿರಬೇಕಾದ ಕೋವಿ. ನಳಿಗೆಯ ಮೇಲೆ ಒಂದು ಚುಕ್ಕೆ ತುಕ್ಕಿಲ್ಲ. ಯಾರೋ ಅದನ್ನು ವರ್ಷ ವರ್ಷವೂ ಇಳಿಸಿ, ಒರೆಸಿ, ಎಣ್ಣೆ ಸವರಿ ಮತ್ತೆ ತೂಗುಹಾಕಿದ್ದರು. ಯಾರೋ ಯಾಕೆ, ಆ ಮನೆಯಲ್ಲಿದ್ದವನು ಒಬ್ಬನೇ.

ಐಲಿ ಅದನ್ನು ಬೆಳಕಿಗೆ ತಂದಳು. ನಳಿಗೆಯನ್ನು ನೆಲಕ್ಕೆ ತಿರುಗಿಸಿ, ಜನಕ್ಕೆ ಸಾವಿರ ಸಲ ಹೇಳಿದ್ದನ್ನೇ ಮಾಡಹೋದಳು: ಅಗುಳಿ ಹಿಡಿದು ಎಳೆದಳು. ಬರಲಿಲ್ಲ. ಹೊರಗೆ ಕನ್ನಡಿಯಂತಿದ್ದ ಕೋವಿ ಒಳಗೆ ಕಚ್ಚಿಕೊಂಡಿತ್ತು. ತುಕ್ಕು ಬಿಡಿಸುವ ಎಣ್ಣೆ ಹನಿಸಿ, ಅರ್ಧ ಗಂಟೆ ಕಾದು, ಅಂಗೈಯಿಂದ ಗುದ್ದಿದಳು. ಅಗುಳಿ ಕಿರುಗುಟ್ಟಿ ಹಿಂದೆ ಸರಿಯಿತು. ಹಸಿರುಗಟ್ಟಿದ ಒಂದು ಹಿತ್ತಾಳೆ ಚಿಪ್ಪು ಹೊರಬಂದು ನೆಲಕ್ಕೆ ಬಿದ್ದು ಉರುಳಿತು. ಹಾರಿಸಿದ ತೋಟಾದ ಚಿಪ್ಪು. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದರೆ ಬರೀ ತುಕ್ಕು.

ಅವಳು ಅಲ್ಲೇ ನೆಲದ ಮೇಲೆ ಕೂತಳು. ನಲವತ್ತೊಂದು ವರ್ಷ ಹೊರಗೆ ಎಣ್ಣೆ ಸವರಿದವನು ಒಂದು ಸಲವೂ ಅಗುಳಿ ತೆರೆದಿರಲಿಲ್ಲ. ಕೋವಿ ಒರೆಸುವವನು ಮೊದಲು ಮಾಡುವ ಕೆಲಸವೇ ಅದು. ಅಪ್ಪನೂ ಅದನ್ನೇ ಮಾಡುತ್ತಿದ್ದ. ಅವನು ಒರೆಸಲು ಕೂತಿದ್ದರೆ ಗುಂಡು ಹಾರುವ ಮೊದಲೇ ತೋಟಾ ಹೊರಗೆ ಬಂದಿರುತ್ತಿತ್ತು.

ಆ ಮಧ್ಯಾಹ್ನವೇ ಚಿಪ್ಪನ್ನು ಕೋಟಿನ ಜೇಬಿಗೆ ಹಾಕಿಕೊಂಡು ವೃದ್ಧಾಶ್ರಮಕ್ಕೆ ಹೋದಳು. ಉರ್ಹೊ ಕಂಬಳಿ ಹೊದ್ದು ಗಾಲಿಕುರ್ಚಿಯಲ್ಲಿದ್ದ. ಅವಳು ಚಿಪ್ಪನ್ನು ಅವನ ಮುಂದಿನ ತಟ್ಟೆಯಲ್ಲಿಟ್ಟಳು.

ಮುದುಕ ಅದನ್ನು ಬೆರಳ ತುದಿಯಿಂದ ಉರುಳಿಸಿ ನೋಡಿದ.

"ಹಲಗೆ ತೆಗೆದ್ಯಾ?"

"ತೆಗೆದೆ."

"ಚಿಪ್ಪು ಬಿದ್ದಾಗ ಸದ್ದು ಬಂತಾ?"

"ಬಂತು ದೊಡ್ಡಪ್ಪ."

"ಅದಕ್ಕೇ ನಾನು ಅಗುಳಿ ತೆಗೀಲಿಲ್ಲ. ಆ ಸದ್ದು ಕೇಳ್ಬೇಕಾಗುತ್ತೆ ಅಂತ." ಅವನು ಚಿಪ್ಪನ್ನು ತಟ್ಟೆಯ ಅಂಚಿಗೆ ತಳ್ಳಿದ. "ಕೋವಿ ನನ್ನ ಕೈಲಿತ್ತು ಮಗು. ಅವನ ಕೈಲಲ್ಲ. ಕಾಡಿಂದ ಬಂದೆ, ಬೆರಳು ಮರಗಟ್ಟಿತ್ತು. ಹೊರಗೇ ನಿಂತು ತೋಟಾ ತೆಗೆದೆ. ಮೂರು ಅಂತ ಎಣಿಸಿದೆ. ನಾಲ್ಕಿತ್ತು. ನೀನೂ ನಿಮ್ಮಮ್ಮನೂ ಪೇಟೆಗೆ ಹೋಗಿದ್ರಿ. ರೇನೋ ಮೇಜಿನ ಹತ್ರ ಕೂತು ಏಲಕ್ಕಿ ಬ್ರೆಡ್ಡು ಕೊಯ್ತಿದ್ದ. ತಲೆ ಎತ್ತಿ 'ಖಾಲಿ ಮಾಡಿದ್ಯೇನೋ?' ಅಂದ. ಯಾವಾಗ್ಲೂ ಕೇಳ್ತಿದ್ದ. ನಾನು ದೊಡ್ಡವನು, ಚಿಕ್ಕವನು ದಿನಾ ನನ್ನ ಪರೀಕ್ಷೆ ಮಾಡ್ತಾನೆ ಅಂತ ನನಗೆ ಉರಿ. 'ಮಾಡ್ದೆ ಕಣೋ, ನೋಡು' ಅಂತ ಟ್ರಿಗರ್ ಎಳೆದು ತೋರ್ಸಿದೆ."

ಐಲಿ ಕಿಟಕಿಯತ್ತ ತಿರುಗಿ ನಿಂತಳು. ಹೊರಗೆ ಹಿಮ ಶುರುವಾಗಿತ್ತು.

"ಎಣ್ಣೆ ಡಬ್ಬಿ, ಬಟ್ಟೆ?" ಎಂದಳು ತಿರುಗದೆಯೇ. "ಅಪ್ಪನ ಕೈ ಹತ್ರ ಇತ್ತು ಅಂತ ಶೆರಿಫ್ ಬರೆದಿದ್ದಾನೆ."

"ನಾನಿಟ್ಟೆ."

"ದೊಡ್ಡಪ್ಪ..."

"ಶೆರಿಫ್ ಹೋಗ್ಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ಮಣ್ಣು ಮಾಡೋ ದಿನ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಪಾದ್ರಿ ಹೇಳಿಬಿಟ್ಟ, ಪೇಪರಿನವರು ಬರೆದುಬಿಟ್ರು. ಸುಳ್ಳು ನನಗಿಂತ ಮುಂದೆ ಓಡಿಬಿಡ್ತು ಮಗು, ಹಿಡಿಯೋಕೆ ಆಗ್ಲಿಲ್ಲ."

"ಅಮ್ಮ ಕೊನೆ ಉಸಿರಿನ ತನಕ ನಿಮ್ಮನ್ನೇ ಕೇಳ್ತಿದ್ಲು. 'ಉರ್ಹೊ, ನೀನು ಸರಿಯಾಗಿ ನೋಡಿದ್ಯಾ' ಅಂತ."

"ಕೇಳ್ತಿದ್ಲು" ಎಂದ ಮುದುಕ. "ಸೌದೆ ತಂದ್ಹಾಕಿದಾಗಲೆಲ್ಲ ಬಾಗಿಲಲ್ಲಿ ನಿಂತು ಕೇಳ್ತಿದ್ಲು."

ಐಲಿ ಚಿಪ್ಪನ್ನು ಜೇಬಿಗೆ ಹಾಕಿಕೊಂಡು ಹೊರಟುಬಂದಳು. ಮೂರು ವಾರ ಆ ಕಡೆ ತಲೆಹಾಕಲಿಲ್ಲ. ಮನೆಗೂ ಹೋಗಲಿಲ್ಲ. ಅಂಗಡಿಯಲ್ಲಿ ಯಾರಾದರೂ ಕೋವಿಯ ಮಾತೆತ್ತಿದರೆ "ಮರ್ಲ್‌ನ ಕೇಳಿ" ಎನ್ನುತ್ತಿದ್ದಳು. ಕಣ್ಣು ಮುಚ್ಚಿದರೆ ಅಪ್ಪ ಕಾಣುತ್ತಿರಲಿಲ್ಲ. ಪ್ರತಿ ಶರತ್ಕಾಲದಲ್ಲಿ ಒಬ್ಬನೇ ತಿರುಪು ಬಿಚ್ಚಿ, ಮಗುವನ್ನು ಮಜ್ಜನ ಮಾಡಿಸುವಂತೆ ಕೋವಿ ಒರೆಸಿ, ಮತ್ತೆ ಹಲಗೆ ಮುಚ್ಚುವ ಆ ಮನುಷ್ಯ ಕಾಣುತ್ತಿದ್ದ. ಅದು ಇನ್ನೂ ಭಯಂಕರವಾಗಿತ್ತು. ದ್ವೇಷ ಮಾಡೋಣವೆಂದರೆ ಅವನು ಒಡೆದ ಸೌದೆಯಲ್ಲೇ ಅವಳ ಬಾಲ್ಯ ಬೆಚ್ಚಗಿತ್ತು.

ನಾಲ್ಕನೆಯ ವಾರ ಹೋಗಿ ಬಾಗಿಲಲ್ಲೇ ನಿಂತು, "ಶನಿವಾರ ಬೆಳಿಗ್ಗೆ ಮರ್ಲ್ ಪಾಠ ಇದೆ. ನೀವು ಬಂದು ಹೇಳ್ಬೇಕು" ಎಂದಳು.

"ಎಲ್ಲರ ಮುಂದೆಯಾ?"

"ಎಲ್ಲರ ಮುಂದೆ ತಾನೇ ಅಪ್ಪನ ಹೆಸರು ಕೆಟ್ಟಿದ್ದು?"

ಮುದುಕ ಕಂಬಳಿಯ ಅಂಚನ್ನು ಮಡಿಸಿದ, ಬಿಚ್ಚಿದ. "ಕ್ಷೌರ ಮಾಡ್ಸು ಹಾಗಾದ್ರೆ" ಎಂದ.

ಶನಿವಾರ ಸಭಾಭವನದಲ್ಲಿ ಮೂವತ್ತು ಜನರಿದ್ದರು. ಮರ್ಲ್‌ಗೆ ಐಲಿ ಮೊದಲೇ ಎಲ್ಲ ಹೇಳಿದ್ದಳು. ಅವನು ಪಕ್ಕಕ್ಕೆ ಸರಿದು ನಿಂತ. ಉರ್ಹೊ ಇಸ್ತ್ರಿ ಮಾಡಿದ ಅಂಗಿಯಲ್ಲಿ ಗಾಲಿಕುರ್ಚಿಯಿಂದಲೇ ಮಾತಾಡಿದ. ಧ್ವನಿ ಸಣ್ಣದಿತ್ತು, ಆದರೆ ಕೊನೆಯ ಸಾಲಿನವರೂ ಕೇಳಿಸಿಕೊಂಡರು. "ನನ್ನ ತಮ್ಮ ರೇನೋ ಜಾಗ್ರತೆಯ ಮನುಷ್ಯ. ಅವನು ಕೇಳಿದ. ನಾನು ನೋಡದೇ ಉತ್ತರ ಕೊಟ್ಟೆ" ಎಂದು ಮುಗಿಸಿದ.

ಹೊರಗೆ ಮರ್ಲ್ ಐಲಿಯ ಮುಂದೆ ಟೋಪಿ ತೆಗೆದು ನಿಂತ. "ಮೂವತ್ತು ವರ್ಷ ಅವನ ಹೆಸರು ಹೇಳಿ ಜನರನ್ನ ಹೆದರಿಸಿದ್ದೀನಿ ಕಣೇ. ಏನು ಮಾಡ್ಲಿ ಈಗ?"

"ಈಗ ಸರಿಯಾಗಿ ಹೇಳು" ಎಂದಳು.

ಸೋಮವಾರ ಶೆರಿಫ್ ಕಚೇರಿಯಿಂದ ಒಬ್ಬ ಬಂದು ಮುದುಕನ ಹೇಳಿಕೆ ಬರೆದುಕೊಂಡು, ಕೋವಿಯನ್ನೂ ಚಿಪ್ಪನ್ನೂ ತೆಗೆದುಕೊಂಡು ಹೋದ. ಇಷ್ಟು ವರ್ಷದ ಮೇಲೆ ಯಾರೂ ಏನೂ ಮಾಡುವುದಿಲ್ಲವೆಂದ. ಅದನ್ನು ಕೇಳಿ ಉರ್ಹೊ ಸಮಾಧಾನಗೊಳ್ಳಲಿಲ್ಲ. ಯಾರೋ ಕೊಟ್ಟ ಮಾತಿಗೆ ತಪ್ಪಿದಂತೆ ಮುಖ ಮಾಡಿಕೊಂಡ.

ಫೆಬ್ರವರಿಯಲ್ಲಿ ಅವನು ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ಐಲಿ ಗಂಜಿ ಕುಡಿಸುತ್ತಿದ್ದಾಗ ಚಮಚ ತಡೆದು ಹೇಳಿದ:

"ರೇನೋ ಬಂದಿದ್ದ ನಿನ್ನೆ. ಕಾಲ ಹತ್ರ ಕೂತಿದ್ದ."

"ಏನಂದ್ರು?"

"ಏನೂ ಅನ್ಲಿಲ್ಲ."

"ಕೋಪದಲ್ಲಿದ್ರಾ?"

"ಇಲ್ಲ ಮಗು" ಎಂದು ಮುದುಕ ಗೋಡೆಯ ಕಡೆ ಮುಖ ತಿರುಗಿಸಿದ. "ಕೋಪದಲ್ಲಿದ್ದಿದ್ರೆ ತಡ್ಕೊಳ್ತಿದ್ದೆ."

ಆ ವಾರವೇ ತೀರಿಕೊಂಡ. ನೆಲ ಕಲ್ಲಿನಂತೆ ಹೆಪ್ಪುಗಟ್ಟಿದ್ದರಿಂದ ಮೇ ತಿಂಗಳ ತನಕ ಹೆಣ ಸ್ಮಶಾನದ ಕಲ್ಲುಕೋಣೆಯಲ್ಲೇ ಇತ್ತು. ಹಿಮ ಕರಗಿದ ಮೇಲೆ ಗುಂಡಿ ಎಲ್ಲಿ ತೋಡಬೇಕೆಂದು ಕೇಳಿದರು. ಊರವರು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರು, ರೇನೋನ ಹತ್ತಿರವಂತೂ ಬೇಡ ಎಂದು. ಐಲಿ ಕೈಯಲ್ಲಿ ಗೂಟ ಹಿಡಿದು ನಡೆದಳು. ಅಪ್ಪನ ಎಡಕ್ಕೆ ಅಮ್ಮನಿದ್ದಳು. ಬಲಕ್ಕೆ ಒಂದು ಗುಂಡಿಯಷ್ಟು ಜಾಗ ದಾಟಿ, ಅದರಾಚೆ ಗೂಟ ಹೊಡೆದಳು.

"ನಡುವೆ ಯಾಕೆ ಬಿಟ್ಟೆ?" ಎಂದ ಮರ್ಲ್.

"ಅದು ನಂದು" ಎಂದಳು ಐಲಿ. ಆಮೇಲೆ ಬೂಟಿಗೆ ಮೆತ್ತಿದ ಕೆಸರನ್ನು ಗುದ್ದಲಿಯ ಅಂಚಿಗೆ ಉಜ್ಜಿ, ಅಂಗಡಿ ತೆರೆಯುವ ಹೊತ್ತಾಯಿತೆಂದು ಹೊರಟಳು.