ಇವತ್ತೇನು ಸಾರು

ಈಗಿನ ಧಾರಾವಾಹಿಗಳನ್ನು ನಾನು ನೋಡುವುದಿಲ್ಲ. ಒಬ್ಬಳು ಇನ್ನೊಬ್ಬಳ ಹಾಲಿಗೆ ವಿಷ ಬೆರೆಸುತ್ತಾಳೆ, ಅವಳು ಲೋಟ ಎತ್ತುವಷ್ಟರಲ್ಲಿ ಗುಡುಗು ಸಿಡಿಲು, ಮುಂದಿನದು ನಾಳೆ. ಕುಡಿದರೆ ಕುಡಿಯಲಿ, ಬಿಟ್ಟರೆ ಬಿಡಲಿ, ನಮ್ಮ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುವ ಹೊತ್ತು ಮೀರುತ್ತದೆ. ನೋಡಿದರೆ ‘ಎರಡು ಕೋಣೆ ಏಳು ಜನ’ ನೋಡಬೇಕು. ಅದರಲ್ಲಿ ವಿಷವಿಲ್ಲ, ಅವಳಿ ಮಕ್ಕಳ ಅದಲು ಬದಲಿಲ್ಲ. ಇರುವುದೆಲ್ಲ ಸ್ನಾನಕ್ಕೆ ಯಾರು ಮೊದಲು ಅನ್ನುವ ಜಗಳ.

ಆ ಮನೆಯ ಯಜಮಾನ ತಿರುಮಲಯ್ಯ, ನಿವೃತ್ತ ಪೋಸ್ಟ್ ಮಾಸ್ಟರ್. ಕೋಪ ಮೂಗಿನ ತುದಿಯಲ್ಲಿ. ತನ್ನ ಪೇಪರನ್ನು ಬೇರೆ ಯಾರೋ ಮೊದಲು ಬಿಡಿಸಿದರೆ ಸಾಕು, ಹಾಸಿಗೆ ಸುತ್ತಿ ಕಂಕುಳಿಗೆ ಇರುಕಿಕೊಂಡು, ಇನ್ನು ಈ ಹೊಸಿಲು ತುಳಿಯಲ್ಲ ಎಂದು ಹೊರಟುಬಿಡುತ್ತಾನೆ. ಗೇಟಿನವರೆಗೂ ಹೋಗುತ್ತಾನೆ. ಚಿಲಕದ ಮೇಲೆ ಕೈಯಿಟ್ಟು, ತಿರುಗಿಯೂ ನೋಡದೆ, “ಇವತ್ತೇನು ಸಾರು?” ಅನ್ನುತ್ತಾನೆ. ಒಳಗಿನಿಂದ ಹೆಂಡತಿ, “ನೀವು ಒಳಗೆ ಬಂದ ಮೇಲೆ ಒಗ್ಗರಣೆ” ಅನ್ನುತ್ತಾಳೆ. ಅಷ್ಟೇ, ಹಾಸಿಗೆ ವಾಪಸ್ಸು. ಪ್ರತಿ ಕಂತಿನಲ್ಲೂ ಇದೇ. ಬರುತ್ತದೆಂದು ಗೊತ್ತಿದ್ದೂ ನಗು ತಡೆಯಲು ಆಗುವುದಿಲ್ಲ.

ಅದು ಮೊದಲ ಸಲ ಬರುತ್ತಿದ್ದ ವರ್ಷವೇ ನನ್ನ ಮೈದುನ ಮೋಹನ್‌ಬಾಬುವಿನ ಹೆಂಡತಿಯಾಗಿ ಶ್ರೀವಿದ್ಯಾ ದಿಬ್ಬೂರಹಳ್ಳಿಯ ಈ ಮನೆಗೆ ಬಂದಳು. ನಡುಮನೆಯಲ್ಲಿ ಒಂದೇ ಟೀವಿ. ಮಧ್ಯದಲ್ಲಿ ಅತ್ತೆ ಮುನಿಶಾಮಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತರೆ, ಆಚೆ ಈಚೆ ನಾವಿಬ್ಬರು ಓರಗಿತ್ತಿಯರು. ತಿರುಮಲಯ್ಯ ಹಾಸಿಗೆ ಸುತ್ತಿದೊಡನೆ ಅತ್ತೆ, “ವೀಡೆಕ್ಕಡಿಕೀ ಪೋಡು,” ಎಲ್ಲಿಗೂ ಹೋಗಲ್ಲ ಇವನು ಎಂದು ತೆಲುಗಿನಲ್ಲೇ ತೀರ್ಪು ಕೊಡುತ್ತಿದ್ದರು. ಶ್ರೀವಿದ್ಯಾಳ ನಗು ಮೊದಲು ಮೂಗಿನಲ್ಲಿ ಶುರುವಾಗಿ ಆಮೇಲೆ ಹೊಟ್ಟೆಗೆ ಇಳಿಯುತ್ತಿತ್ತು. ಅವಳು ನಕ್ಕರೆ ನನಗೆ ಇನ್ನೂ ನಗು. ಚಾನೆಲ್‌ನವರು ಆ ಧಾರಾವಾಹಿಯನ್ನು ಎಷ್ಟು ಸಲ ಹಾಕಿದರೂ ನಾವು ಅಷ್ಟು ಸಲ ನೋಡಿದೆವು. ಅತ್ತೆ ಹೋದ ಮೇಲೂ ಅವರ ಜಾಗ ಬಿಟ್ಟೇ ಕೂರುತ್ತಿದ್ದೆವು.

ಕೆಟ್ಟಿದ್ದೂ ಅಲ್ಲೇ. ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಅದನ್ನೇ ನೋಡುವಾಗ ಸೊಳ್ಳೆ ಕಾಟವೆಂದು ಶ್ರೀವಿದ್ಯಾ ಸೊಳ್ಳೆ ಬತ್ತಿ ಹಚ್ಚಿದಳು. ನಡುಮನೆಯ ಹಿಂದೆಯೇ ಹುಳು ಮನೆ. ಆ ಹೊಗೆ ತಾಗಿದರೆ ಹುಳು ಬದುಕುವುದಿಲ್ಲವೆಂದು ಇಲ್ಲಿ ಮಗುವಿಗೂ ಗೊತ್ತು. ಇನ್ನೇನು ಗೂಡು ಕಟ್ಟಬೇಕಾದ ಹುಳುಗಳು ಬೆಳಗಾಗುವುದರಲ್ಲಿ ತಟ್ಟೆಯ ಮೇಲೆ ಕಕ್ಕಿ ಬಿದ್ದಿದ್ದವು. ಬತ್ತಿಯ ಹೊಗೆ ಎಂದೆ ನಾನು. ಪಕ್ಕದ ತೋಟದವರು ಔಷಧಿ ಹೊಡೆದದ್ದು ನಮ್ಮ ಸೊಪ್ಪಿಗೆ ತಾಗಿದೆ ಎಂದಳು ಅವಳು. ಮಾತಿಗೆ ಮಾತು ಬೆಳೆದು ಮನೆ ಎರಡಾಯಿತು, ನಡುಮನೆಯ ನಡುವೆ ಗೋಡೆ ಎದ್ದಿತು. ಗಾರೆಯವನು ತೊಲೆಯವರೆಗೆ ಕಟ್ಟಿ, ಹೆಂಚಿನ ಕೆಳಗಿನ ಸಂದಿಯನ್ನು ಆಮೇಲೆ ಮುಚ್ಚುತ್ತೇನೆ ಎಂದು ಹೋದವನು ಇನ್ನೂ ಬಂದಿಲ್ಲ. ಅಣ್ಣತಮ್ಮಂದಿರು ತೋಟದಲ್ಲಿ ಬೀಡಿ ಹಂಚಿಕೊಳ್ಳುತ್ತಾರೆ. ನಾವಿಬ್ಬರು ಮಾತ್ರ ಮಾತು ಬಿಟ್ಟೆವು. ಅವಳೇ ಮೊದಲು ಮಾತಾಡಲಿ ಎಂದು ನಾನು. ಅವಳದೂ ಅದೇ ಹಠ ಇದ್ದಿರಬೇಕು.

ಈ ಯುಗಾದಿಯಿಂದ ಮತ್ತೆ ‘ಎರಡು ಕೋಣೆ ಏಳು ಜನ’ ಶುರುವಾಯಿತು, ಮಧ್ಯಾಹ್ನ ಊಟಕ್ಕೆ ಮುಂಚೆ. ಗೋಡೆಯ ಈಚೆ ನಾನು ನೋಡಿದೆ, ಆಚೆ ಅವಳು. ಅವರದು ಕೇಬಲ್, ನಮ್ಮದು ಡಿಶ್. ಕೇಬಲ್‌ನಲ್ಲಿ ಎಲ್ಲವೂ ಒಂದು ಉಸಿರಿನಷ್ಟು ಮೊದಲೇ ಬರುತ್ತದೆ. ನಮ್ಮ ತಿರುಮಲಯ್ಯ ಇನ್ನೂ ಚಿಲಕಕ್ಕೆ ಕೈ ಹಾಕಿರುವುದಿಲ್ಲ, ಆಚೆಯಿಂದ ಮೂಗಿನ ನಗು ಬಂದೇಬಿಡುತ್ತಿತ್ತು. ಜಗಳ ಆಡಿದವಳ ಎಂಜಲು ಜೋಕು ನನಗೇಕೆ? ಹಠಕ್ಕೆ ನಮ್ಮ ಟೀವಿಯ ಸೌಂಡು ಏರಿಸಿದೆ. ಅವಳ ಟೀವಿ ಕೇಳದಾಯಿತು, ನಗು ಮಾತ್ರ ಹೆಂಚಿನ ಸಂದಿಯಿಂದ ಇಳಿದು ಬರುತ್ತಲೇ ಇತ್ತು. ನಿಜ ಹೇಳುತ್ತೇನೆ, ಅದು ಬಾರದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಮಳೆ ಹಿಡಿದ ಮೇಲೆ ಒಂದು ವಿಚಿತ್ರ ಗಮನಿಸಿದೆ. ಅವಳ ನಗು ಮೊದಲು ಬರುವುದು ನಿಂತಿತು. ಇಬ್ಬರೂ ಒಟ್ಟಿಗೇ ನಗುತ್ತಿದ್ದೆವು, ಹಿಂದೆ ಅತ್ತೆಯ ಆಚೆ ಈಚೆ ಕೂತು ನಗುತ್ತಿದ್ದ ಹಾಗೆಯೇ. ಕೇಬಲ್‌ನವನು ಏನೋ ಸರಿಮಾಡಿರಬೇಕು ಅಂದುಕೊಂಡೆ. ಒಳಗೊಳಗೇ ಸಂತೋಷವಾಗಿತ್ತು.

ಹೋದ ವಾರ ತಿರುಮಲಯ್ಯ ಹಾಸಿಗೆ ಕಂಕುಳಿಗಿಟ್ಟು ಗೇಟಿನ ಕಡೆ ಹೊರಟಿದ್ದ. ಆಗಲೇ ಚಿಂತಾಮಣಿಯಿಂದ ಮಗಳು ಹರಿಣಿಯ ಫೋನು. ಟೀವಿಯ ದನಿ ಪೂರ್ತಿ ಇಳಿಸಿ, “ಆಮೇಲೆ ಮಾಡ್ತೀನಿ ಕಣಮ್ಮ,” ಎಂದು ಇಟ್ಟೆ. ಮನೆಯೆಲ್ಲ ನಿಶ್ಶಬ್ದ. ಆಚೆ ಕಡೆಯೂ ನಿಶ್ಶಬ್ದ. ಪರದೆಯ ಮೇಲೆ ತಿರುಮಲಯ್ಯನ ಬಾಯಿ ಆಡುತ್ತಿತ್ತು, ಆಚೆಯ ಟೀವಿಯಲ್ಲಿ ಅವನ ಮಾತು ಕೇಳಿಸಬೇಕಿತ್ತು, ಕೇಳಿಸಲಿಲ್ಲ. ಆಮೇಲೆ ಗೋಡೆಗೆ ಅಂಟಿಕೊಂಡ ಹಾಗೆ ಹತ್ತಿರದಿಂದ ಒಂದು ದನಿ ಬಂತು.

“ಅಕ್ಕ, ಯಾಕಕ್ಕ ಆಫ್ ಮಾಡ್ಬಿಟ್ಟೆ?”

ನಾಲ್ಕು ವರ್ಷದ ಮೇಲೆ ಅವಳಾಡಿದ ಮೊದಲ ಮಾತು. ಕೈಯಲ್ಲಿದ್ದ ರಿಮೋಟು ಅಲ್ಲೇ ಬಿಟ್ಟೆ.

ಬೀದಿಗೆ ಇಳಿದು ಸುತ್ತಿಕೊಂಡು ಅವರ ಬಾಗಿಲಿಗೆ ಹೋದೆ. ಬಾಗಿಲು ತೆರೆದೇ ಇತ್ತು. ಅವರ ಟೀವಿಯ ಮೇಲೆ ಹಳೆಯ ಟವೆಲ್ಲು ಹೊದಿಸಿತ್ತು. ಗೋಡೆಗೆ ಒತ್ತಿ ಒಂದು ಸ್ಟೂಲು, ಅದರ ಮೇಲೆ ಶ್ರೀವಿದ್ಯಾ, ಮಡಿಲಲ್ಲಿ ಹುಣಸೆಹಣ್ಣಿನ ಮೊರ. ನನ್ನನ್ನು ಕಂಡು ಎದ್ದು ನಿಂತಳು.

“ಮಳೆ ಶುರುವಾದಾಗ ಸಿಡಿಲು ಬಡಿದು ಸುಟ್ಟೋಯ್ತು. ಮೊಬೈಲೈತಲ್ಲ, ನೋಡ್ಕೊ ಅಂತಾರೆ ಇವ್ರು,” ಎಂದಳು. “ಒಬ್ಳೇ ನೋಡಿದ್ರೆ ನಗು ಬರಲ್ಲ ಅಕ್ಕ.”

ನನಗೆ ಕಣ್ಣು ತುಂಬಿತು. ಇಷ್ಟು ದಿನ ಅವಳ ಟೀವಿ ನನಗೆ ಕೇಳದಿರಲಿ ಎಂದು ಏರಿಸಿದ ಸೌಂಡನ್ನೇ ಅವಳು ಗೋಡೆಗೆ ಕಿವಿಯಿಟ್ಟು ಕೇಳುತ್ತಿದ್ದಳು. ಏನಾದರೂ ಹೇಳಬೇಕು. ತಪ್ಪಾಯಿತು ಎನ್ನುವ ಮಾತು ನನ್ನ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ಹುಳು ಯಾವುದರಿಂದ ಸತ್ತವೋ ಇವತ್ತಿಗೂ ದೇವರಿಗೇ ಗೊತ್ತು. ಹೊಸಿಲ ಹೊರಗೆ ನಿಂತು, ಬಾಗಿಲ ಚಿಲಕ ಹಿಡಿದು, ಬೀದಿಯ ಕಡೆ ನೋಡುತ್ತಾ ಕೇಳಿದೆ.

“ಇವತ್ತೇನು ಸಾರು?”

ಹಿಂದೆ ಮೊರ ಕೆಳಗಿಟ್ಟ ಸದ್ದಾಯಿತು. ಆಮೇಲೆ ನಗು ಮೂಗಿನಲ್ಲಿ ಶುರುವಾಯಿತು. ಹೊಟ್ಟೆಗೆ ಇಳಿಯುವ ಮೊದಲೇ ಅಳುವೂ ಬೆರೆಯಿತು, ತಿರುಗಿದರೆ ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

“ನೀನು ಒಳಕ್ಕೆ ಬಂದ್ಮೇಲೆ ಒಗ್ಗರಣೆ,” ಎಂದಳು.

ಬಸ್ಸಾರು ಮಾಡಿದ್ದಳು. ಉಪ್ಪು ಕಡಿಮೆಯಿತ್ತು. ಮೊದಲ ದಿನವೇ ಬೇಡವೆಂದು ಹೇಳಲಿಲ್ಲ, ಇನ್ನೊಂದು ಮುದ್ದೆ ಹಾಕಿಸಿಕೊಂಡೆ. ಬರುವಾಗ ಅವಳ ಸ್ಟೂಲನ್ನು ಎತ್ತಿಕೊಂಡು ಬಂದು ನಮ್ಮ ಟೀವಿಯ ಮುಂದೆ ಹಾಕಿದೆ.