ಬೇಕರಿ ಅಕ್ಕನ ಆಪರೇಷನ್

ಬೇಕರಿಗೆ ಬರುವವರಿಗೆಲ್ಲ ಅವಳು ಅಕ್ಕನೇ. ಒಡಹುಟ್ಟಿದ ತಮ್ಮ ಮಾತ್ರ ಒಬ್ಬನೇ, ಒಳಗೆ ಒಲೆಯಿಂದ ಬ್ರೆಡ್ಡಿನ ತಟ್ಟೆ ಎಳೆಯುತ್ತಿದ್ದವನು. ಅಕ್ಕನ ಭಾರಕ್ಕೆ ಮಂಡಿ ಸವೆದಿದ್ದವು, ಸಕ್ಕರೆ ಕಾಯಿಲೆ ಅಂಟಿಕೊಂಡಿತ್ತು, ನಿದ್ದೆಯಲ್ಲಿ ಉಸಿರು ಕಟ್ಟಿ ಎದ್ದು ಕೂರುತ್ತಿದ್ದಳು. ಪಥ್ಯ, ನಡಿಗೆ, ಕೊನೆಗೆ ವಾರಕ್ಕೊಂದು ಚುಚ್ಚುಮದ್ದು, ಎಲ್ಲವನ್ನೂ ಮಾಡಿ ನೋಡಿದ್ದಾಗಿತ್ತು. ಇಳಿದ ತೂಕ ಮತ್ತೆ ಬಂದು ಕೂರುತ್ತಿತ್ತು.

ಹೊಟ್ಟೆಯ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದಾಗ ತಮ್ಮನಿಗೆ ಸಿಟ್ಟು ನೆತ್ತಿಗೇರಿತು.

"ಬಾಯಿ ಕಟ್ಟಿದ್ರೆ ಸಾಲ್ದಾ ಅಕ್ಕ?"

"ಕಟ್ಟಿ ಕಟ್ಟಿ ಸಾಕಾಗಿದೆ ಕಣೋ. ನೀನೂ ಬಾ, ಡಾಕ್ಟ್ರನ್ನೇ ಕೇಳು."

ಡಾಕ್ಟರಮ್ಮ ಜಠರದ ಚಿತ್ರ ಬರೆದು, ತೆಗೆಯುವ ಭಾಗಕ್ಕೆ ಗೆರೆ ಎಳೆದರು. "ನಿಮ್ಮಕ್ಕನ ಮನಸ್ಸು ಗಟ್ಟಿಯಿಲ್ಲ ಅಂತಲ್ಲ. ತೂಕ ಇಳಿದ್ರೆ ಮೈಯೇ ಹಸಿವನ್ನ ಜಾಸ್ತಿ ಮಾಡುತ್ತೆ. ಆಪರೇಷನ್ ಆ ಹಸಿವನ್ನ ತಗ್ಗಿಸುತ್ತೆ. ಉಳಿದಿದ್ದೆಲ್ಲ ಅವರೇ ಮಾಡ್ಬೇಕು."

ಲಿವರಿನ ಕೊಬ್ಬು ಕರಗಲೆಂದು ಮೊದಲು ಎರಡು ವಾರ ಬರೀ ಕುಡಿಯುವ ಆಹಾರ. ಅಕ್ಕ ಬೇಕರಿಗೆ ರಜೆ ಹಾಕಲಿಲ್ಲ. ಬೆಣ್ಣೆ ಬಿಸ್ಕತ್ತು ಘಮ್ಮೆನ್ನುತ್ತಿರುವಾಗ ಪ್ರೋಟೀನ್ ಪುಡಿ ಕಲಸಿದ ಹಾಲು ಕುಡಿದಳು. ತಮ್ಮ ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದ. ಬೆರಳಿಗೆ ಹತ್ತಿದ ಕ್ರೀಮನ್ನೂ ಅವಳು ನೆಕ್ಕಲಿಲ್ಲ, ನಲ್ಲಿಯ ಕೆಳಗೆ ಹಿಡಿದಳು.

"ರುಚಿ ನೀನು ನೋಡು. ಗಿರಾಕಿಗಳ ಬೈಗುಳ ಹೇಗೂ ನಂಗೇ ಬರುತ್ತೆ," ಎಂದು ನಕ್ಕಳು.

ಆಪರೇಷನ್ ಸಲೀಸಾಗಿ ಮುಗಿಯಿತು. ಆಮೇಲಿನದ್ದೇ ಕಷ್ಟ. ಒಮ್ಮೆ ತಾನೇ ಬೇಯಿಸಿದ ಬ್ರೆಡ್ಡಿನ ತುಣುಕನ್ನು ಅವಸರದಲ್ಲಿ ನುಂಗಿ, ಎದೆ ಹಿಡಿದುಕೊಂಡು ಹಿಟ್ಟಿನ ಮೂಟೆಯ ಮೇಲೆ ಕುಸಿದಳು. ವಾಂತಿಯಾದ ಮೇಲೆಯೇ ಹಗುರವಾದದ್ದು. ಕೂದಲು ಉದುರಿತು. ನಡುವೆ ತೂಕ ಹಟ ಹಿಡಿದಂತೆ ನಿಂತುಬಿಟ್ಟಿತು. ಅವಳು ಮಾತ್ರ ತಪಾಸಣೆ ತಪ್ಪಿಸಲಿಲ್ಲ, ವಿಟಮಿನ್ ಮಾತ್ರೆ ಮರೆಯಲಿಲ್ಲ, ಪುಟ್ಟ ತಟ್ಟೆಯ ಊಟವನ್ನು ಸಾವಕಾಶವಾಗಿ ಅಗಿದಳು. ಬರುಬರುತ್ತಾ ತೂಕ ಮತ್ತೆ ಇಳಿಯಿತು, ಸಕ್ಕರೆ ಹತೋಟಿಗೆ ಬಂತು. ಬೆಳಗಿನವರೆಗೆ ನೆಮ್ಮದಿಯಾಗಿ ಮಲಗತೊಡಗಿದಳು.

ವರ್ಷ ಕಳೆದ ಮೇಲೆ ಒಬ್ಬ ಗಿರಾಕಿ ಬ್ರೆಡ್ ಕಟ್ಟಿಸಿಕೊಳ್ಳುತ್ತಾ, "ಕೊಯ್ಸಿಕೊಂಡ್ರೆ ಯಾರು ಬೇಕಾದ್ರೂ ಸಣ್ಣ ಆಗ್ತಾರೆ ಬಿಡಿ. ಸುಲಭದ ದಾರಿ," ಎಂದ.

ಅಕ್ಕ ಪೊಟ್ಟಣಕ್ಕೆ ದಾರ ಸುತ್ತಿದಳು. ತಮ್ಮ ಕೈ ಒರೆಸಿಕೊಂಡು ಹೊರಗೆ ಬಂದ.

"ಸುಲಭ ಅಂದ್ರಾ ಸ್ವಾಮಿ? ಈ ಘಮದ ಮಧ್ಯೆ ದಿನವಿಡೀ ನಿಂತು, ಒಂದು ಚೂರೂ ಬಾಯಿಗೆ ಹಾಕದೆ ಇದ್ದು ನೋಡಿ. ಆಮೇಲೆ ಮಾತಾಡೋಣ."

ಗಿರಾಕಿ ಪೊಟ್ಟಣ ಎತ್ತಿಕೊಂಡು ಜಾಗ ಖಾಲಿ ಮಾಡಿದ.

"ಗಿರಾಕಿನ ಓಡಿಸಿಬಿಟ್ಯಲ್ಲೋ," ಎಂದಳು ಅಕ್ಕ.

"ನಿನ್ನ ಕೈಯ ಬ್ರೆಡ್ ಬಿಟ್ಟು ಎಲ್ಲಿಗೆ ಹೋಗ್ತಾನೆ? ನಾಳೆ ಬರ್ತಾನೆ."

ಸಂಜೆ ಅಂಗಡಿ ಮುಚ್ಚಿ ಇಬ್ಬರೂ ನಡೆದೇ ಮನೆಗೆ ಹೊರಟರು. ಏರುದಾರಿಯಲ್ಲಿ ಅಕ್ಕ ಮುಂದೆ, ತಮ್ಮ ಹಿಂದೆ.

"ಸ್ವಲ್ಪ ನಿಲ್ಲಕ್ಕ, ಏದುಸಿರು ಬರ್ತಿದೆ," ಎಂದ ಅವನು.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಬಿಸ್ಕತ್ತಿನ ರುಚಿ ನೋಡಿದ್ದು ಜಾಸ್ತಿಯಾಯ್ತು ಅನ್ಸುತ್ತೆ," ಎಂದು ಕೈ ಚಾಚಿದಳು.